ಓದುವ ಮಕ್ಕಳು ಎಲ್ಲಿ ನೆಲೆಸಬೇಕು?

ಪರೀಕ್ಷೆಗಳ ಫಲಿತಾಂಶ ಪ್ರಕಟವಾಗುವ ದಿನಗಳು ಬಂದೊಡನೆ ನಮ್ಮ ಕ್ರೈಸ್ತ ಕುಟುಂಬಗಳಲ್ಲಿ ಎರಡು ಪ್ರಶ್ನೆಗಳು ತಲೆಯೆತ್ತುತ್ತವೆ. ಮಗನೋ ಮಗಳೋ ಮುಂದೆ ಏನನ್ನು ಓದಬೇಕು ಎಂಬುದು ಮೊದಲನೆಯದು. ದೂರದ ವಿಶ್ವವಿದ್ಯಾನಿಲಯದಲ್ಲಿ ಪ್ರವೇಶ ದೊರೆತರೆ ಎಲ್ಲಿ ಉಳಿದುಕೊಳ್ಳಬೇಕು ಎಂಬುದು ಎರಡನೆಯದು. ಮೊದಲನೆಯ ಪ್ರಶ್ನೆಯ ಬಗ್ಗೆ ತಿಂಗಳುಗಟ್ಟಲೆ ಸಮಾಲೋಚನೆ ನಡೆಯುತ್ತದೆ. ಎರಡನೆಯದು ಶುಲ್ಕ ಕಟ್ಟುವ ದಿನ ಅವಸರದಲ್ಲಿ ತೀರ್ಮಾನವಾಗಿಬಿಡುತ್ತದೆ. ಶಿಫಾರಸು ಪತ್ರಕ್ಕಾಗಿ ಧರ್ಮಕೇಂದ್ರದ ಕಚೇರಿಗೆ ಬರುವ ತಂದೆತಾಯಿಯರು ವಸತಿಯ ವಿಷಯದಲ್ಲಿ ಸಾಮಾನ್ಯವಾಗಿ ಕೇಳುವುದು ಮೂರೇ ಸಂಗತಿ: ಬಾಡಿಗೆ ಎಷ್ಟು? ಊಟ ಹೇಗೆ? ಗೇಟು ಎಷ್ಟು ಹೊತ್ತಿಗೆ ಹಾಕುತ್ತಾರೆ?

ಈ ಮೂರೂ ಕೇಳಬೇಕಾದ ಪ್ರಶ್ನೆಗಳೇ. ಬೆವರು ಸುರಿಸಿ ಗಳಿಸಿದ ಹಣವನ್ನು ಲೆಕ್ಕಹಾಕಿ ವ್ಯಯಿಸುವ ಕುಟುಂಬಕ್ಕೆ ಬಾಡಿಗೆ ಸಣ್ಣ ವಿಷಯವಲ್ಲ. ಆದರೆ ವಿದ್ಯಾರ್ಥಿಯು ದಿನದ ಇಪ್ಪತ್ತನಾಲ್ಕು ಗಂಟೆಗಳಲ್ಲಿ ತರಗತಿಯಲ್ಲಿ ಕಳೆಯುವುದು ಐದಾರು ಗಂಟೆ ಮಾತ್ರ. ಉಣ್ಣುವುದು, ಮಲಗುವುದು, ಹರಟುವುದು, ಓದುವುದು, ಒಂಟಿಯಾಗಿ ಚಿಂತಿಸುವುದು ಇವೆಲ್ಲ ನಡೆಯುವುದು ವಾಸಸ್ಥಾನದಲ್ಲಿ. ಸದ್ಗುಣವು ಕೇವಲ ಉಪದೇಶದಿಂದ ಬರುವುದಿಲ್ಲ, ಅಭ್ಯಾಸಬಲದಿಂದ ಬೇರೂರುತ್ತದೆ ಎಂದು ಗ್ರೀಕ್ ತತ್ತ್ವಜ್ಞಾನಿ ಅರಿಸ್ಟಾಟಲ್ ಪ್ರತಿಪಾದಿಸಿದನು. ಸಂತ ಥಾಮಸ್ ಅಕ್ವಿನಾಸರು ಆ ವಿಚಾರವನ್ನು ಸ್ವೀಕರಿಸಿ ಕ್ರೈಸ್ತ ನೀತಿಶಾಸ್ತ್ರದಲ್ಲಿ ಅಳವಡಿಸಿದರು. ಯೌವನದ ಅಭ್ಯಾಸಗಳು ರೂಪುಗೊಳ್ಳುವ ಜಾಗವನ್ನು ಆರಿಸುವುದೂ ವ್ಯಾಸಂಗದ ಒಂದು ಭಾಗವೇ ಆಗಿದೆ.

2025ರ ನವೆಂಬರ್ 1ರಂದು ಪೋಪ್ 14ನೇ ಲಿಯೋ ಅವರು ಧರ್ಮಸಭೆಯ ಪಂಡಿತರೆಂದು ಘೋಷಿಸಿದ ಸಂತ ಜಾನ್ ಹೆನ್ರಿ ನ್ಯೂಮನ್ನರಿಗೆ ಈ ಸತ್ಯ ಚೆನ್ನಾಗಿ ತಿಳಿದಿತ್ತು. ಒಟ್ಟಿಗೆ ಬಾಳುವ ಯುವಕರು ಅಧ್ಯಾಪಕರಿಲ್ಲದೆಯೂ ಒಬ್ಬರಿಂದೊಬ್ಬರು ಕಲಿಯುತ್ತಾರೆ ಎಂಬುದು ಅವರ ದೃಢವಾದ ನಂಬಿಕೆಯಾಗಿತ್ತು. 1854ರಲ್ಲಿ ಡಬ್ಲಿನ್ ನಗರದಲ್ಲಿ ಕಥೋಲಿಕ ವಿಶ್ವವಿದ್ಯಾನಿಲಯ ಆರಂಭವಾದಾಗ ಅವರು ವಿದ್ಯಾರ್ಥಿಗಳನ್ನು ಒಂದೇ ದೊಡ್ಡ ಕಟ್ಟಡದಲ್ಲಿ ತುಂಬಲಿಲ್ಲ. ಸಣ್ಣ ಸಣ್ಣ ಮನೆಗಳಲ್ಲಿ ಇರಿಸಿದರು. ಅವುಗಳಲ್ಲಿ ಒಂದರ ಹೊಣೆಯನ್ನು ತಾವೇ ವಹಿಸಿಕೊಂಡರು.

ಒಬ್ಬ ವಿದ್ಯಾರ್ಥಿಯ ಮೂರು ವಸತಿಗಳು

ಕಾಲೇಜು ಎಂದರೆ ಇಂದು ನಮಗೆ ಪಾಠ ನಡೆಯುವ ಕಟ್ಟಡ. ಮೂಲದಲ್ಲಿ ಅದು ವಿದ್ಯಾರ್ಥಿಗಳು ಕೂಡಿ ಬಾಳುವ ಮನೆಯಾಗಿತ್ತು. ಪ್ಯಾರಿಸ್ ನಗರದಲ್ಲಿ 1180ರಲ್ಲಿ ಆರಂಭವಾದ ಇಂತಹ ಮೊದಲ ಸಂಸ್ಥೆಯು ಹದಿನೆಂಟು ಬಡ ವಿದ್ಯಾರ್ಥಿಗಳಿಗೆ ಮಲಗಲು ಸ್ಥಳ ಒದಗಿಸುವ ದತ್ತಿಯೇ ಹೊರತು ಬೇರೇನೂ ಆಗಿರಲಿಲ್ಲ. 1257ರಲ್ಲಿ ರಾಬರ್ಟ್ ದ ಸೊರ್ಬೋನ್ ಎಂಬ ಗುರುಗಳು ಸ್ಥಾಪಿಸಿದ ಜಗತ್ಪ್ರಸಿದ್ಧ ಸೊರ್ಬೋನ್ ಕೂಡ ದೈವಶಾಸ್ತ್ರ ಓದುವ ಬಡವರಿಗೆಂದು ಕಟ್ಟಿದ ಮನೆಯೇ.

ಅದೇ ಪ್ಯಾರಿಸಿಗೆ 1528ರ ಫೆಬ್ರವರಿಯಲ್ಲಿ ಒಬ್ಬ ವಿದ್ಯಾರ್ಥಿ ಬಂದಿಳಿದರು. ವಯಸ್ಸು ಮೂವತ್ತೇಳರ ಆಸುಪಾಸು. ಹಿಂದೆ ಯೋಧರಾಗಿದ್ದು, 1521ರಲ್ಲಿ ಪಾಂಪ್ಲೋನದ ಕೋಟೆಯನ್ನು ಕಾಯುವಾಗ ಫಿರಂಗಿಯ ಗುಂಡು ತಗುಲಿ ಕಾಲು ಮುರಿದುಕೊಂಡು, ಆಮೇಲೆ ದೇವರ ಕಡೆಗೆ ತಿರುಗಿದವರು. ಲೊಯೋಲದ ಸಂತ ಇಗ್ನೇಷಿಯಸರೆಂದು ನಾವು ಇಂದು ಗೌರವಿಸುವ ಈ ವ್ಯಕ್ತಿಯು ಪ್ಯಾರಿಸಿನಲ್ಲಿ ವಸತಿಗಾಗಿ ಪಟ್ಟ ಪಾಡು ನಮ್ಮ ಮಕ್ಕಳ ಪಾಡಿಗಿಂತ ಕಡಿಮೆಯದಲ್ಲ.

ಮೊದಲು ಅವರು ಕೆಲವು ಸ್ಪೇನ್ ದೇಶೀಯರೊಡನೆ ಒಂದು ಮನೆಯಲ್ಲಿ ಉಳಿದರು. ದಾನಿಗಳು ನೀಡಿದ್ದ ಹಣವನ್ನು ಅಲ್ಲಿನ ಒಬ್ಬ ಸಂಗಾತಿಯ ಕೈಯಲ್ಲಿ ನಂಬಿಕೆಯಿಂದ ಇಟ್ಟರು. ಅವನು ಅದನ್ನೆಲ್ಲ ಖರ್ಚು ಮಾಡಿಬಿಟ್ಟನು. ಆ ವರ್ಷದ ತಪಸ್ಸುಕಾಲ ಮುಗಿಯುವ ಹೊತ್ತಿಗೆ ಇಗ್ನೇಷಿಯಸರ ಬಳಿ ಬಿಡಿಗಾಸೂ ಉಳಿದಿರಲಿಲ್ಲ.

ಎರಡನೆಯ ವಸತಿ ಸಂತ ಯಕೋಬರ ಹೆಸರಿನ ಒಂದು ಧರ್ಮಛತ್ರ. ಬಾಡಿಗೆಯ ಚಿಂತೆ ಇರಲಿಲ್ಲ. ಊಟಕ್ಕೆ ಭಿಕ್ಷೆ ಬೇಡಬೇಕಿತ್ತು. ಹೊರನೋಟಕ್ಕೆ ಸಂತನೊಬ್ಬನಿಗೆ ಇದಕ್ಕಿಂತ ತಕ್ಕ ಸ್ಥಳ ಇನ್ನೊಂದಿಲ್ಲ. ಆದರೆ ಛತ್ರದ ಬಾಗಿಲು ತೆರೆಯುತ್ತಿದ್ದುದು ಬೆಳಕು ಹರಿದ ಮೇಲೆ. ಮುಚ್ಚುತ್ತಿದ್ದುದು ಸಂಜೆಯ ತ್ರಿಕಾಲ ಪ್ರಾರ್ಥನೆಯ ಗಂಟೆಗೆ ಮುನ್ನ. ಅವರು ಲ್ಯಾಟಿನ್ ಕಲಿಯುತ್ತಿದ್ದ ಮೋಂತೇಗು ಕಾಲೇಜಿನಲ್ಲಿ ಪಾಠಗಳು ನಸುಕಿಗೆ ಮೊದಲೇ ಆರಂಭವಾಗಿ ಕತ್ತಲಾಗುವವರೆಗೆ ನಡೆಯುತ್ತಿದ್ದವು. ಹೀಗಾಗಿ ಮೊದಲ ಪಾಠವೂ ಕೊನೆಯ ಪಾಠವೂ ಕೈತಪ್ಪುತ್ತಿದ್ದವು. ಭಿಕ್ಷೆಗೆ ಅಲೆಯುವುದರಲ್ಲಿ ಉಳಿದ ಹೊತ್ತೂ ಕಳೆಯುತ್ತಿತ್ತು. ವಿದ್ಯೆ ಮುಂದೆ ಸಾಗುತ್ತಿಲ್ಲವೆಂದು ಅವರಿಗೇ ಮನವರಿಕೆಯಾಯಿತು.

ಆಗ ಅವರು ಮಾಡಿದ ತೀರ್ಮಾನ ಗಮನಾರ್ಹ. ದಿನವೂ ಬೇಡುವ ಬದಲು ವರ್ಷಕ್ಕೊಮ್ಮೆ ಫ್ಲಾಂಡರ್ಸ್ ಪ್ರಾಂತಕ್ಕೆ ಹೋಗಿ, ಅಲ್ಲಿನ ಸ್ಪೇನ್ ದೇಶದ ವರ್ತಕರಿಂದ ಇಡೀ ವರ್ಷಕ್ಕೆ ಸಾಕಾಗುವಷ್ಟು ನೆರವು ಪಡೆದು, ಉಳಿದ ತಿಂಗಳುಗಳನ್ನು ಓದಿಗೆ ಮೀಸಲಿಟ್ಟರು. 1529ರಲ್ಲಿ ಛತ್ರದ ಬಾಳಿಗೆ ಪೂರ್ಣವಾಗಿ ವಿದಾಯ ಹೇಳಿ ಸಂತ ಬಾರ್ಬರಾ ಕಾಲೇಜಿನ ಒಂದು ಕೊಠಡಿಗೆ ಬಂದು ಸೇರಿದರು. ತಪಸ್ವಿಯ ಬಿರುದಿಗಿಂತ ವಿದ್ಯಾರ್ಥಿಯ ಕರ್ತವ್ಯ ಆ ಹೊತ್ತಿನಲ್ಲಿ ದೇವರಿಗೆ ಹೆಚ್ಚು ಪ್ರಿಯ ಎಂದು ಅವರು ವಿವೇಚಿಸಿದರು.

ಕೊಠಡಿಯ ಸಂಗಾತಿಗಳು

ಆ ಕೊಠಡಿಯಲ್ಲಿ ಆಗಲೇ ಇಬ್ಬರು ಯುವಕರಿದ್ದರು. ಇಬ್ಬರೂ 1506ರ ಏಪ್ರಿಲ್ ತಿಂಗಳಲ್ಲಿ ಹುಟ್ಟಿದವರು. ಸವೋಯ್ ಪ್ರಾಂತದ ಪೀಟರ್ ಫೇಬರ್ ಬಾಲ್ಯದಲ್ಲಿ ಕುರಿ ಕಾಯ್ದ ರೈತನ ಮಗ. ನವಾರ್ ಪ್ರಾಂತದ ಫ್ರಾನ್ಸಿಸ್ ಕ್ಸೇವಿಯರ್ ಕೋಟೆಯೊಂದರಲ್ಲಿ ಬೆಳೆದ ಕುಲೀನ; ಕೀರ್ತಿ ಮತ್ತು ಪದವಿಗಳ ಹಂಬಲವುಳ್ಳವರು. ಇಗ್ನೇಷಿಯಸರು ಗಾಯಗೊಂಡ ಯುದ್ಧದಲ್ಲಿ ಕ್ಸೇವಿಯರರ ಅಣ್ಣಂದಿರು ಎದುರು ಪಕ್ಷದವರಾಗಿದ್ದರು ಎಂಬುದನ್ನು ನೆನೆದರೆ ಆ ಕೊಠಡಿಯ ಮೊದಲ ದಿನಗಳು ಹೇಗಿದ್ದಿರಬಹುದೆಂದು ಊಹಿಸಬಹುದು.

ಅರಿಸ್ಟಾಟಲನ ಗ್ರಂಥಗಳು ಇಗ್ನೇಷಿಯಸರಿಗೆ ಕಠಿಣವಾಗಿದ್ದವು. ತಮಗಿಂತ ಹದಿನೈದು ವರ್ಷ ಚಿಕ್ಕವರಾದ ಫೇಬರರಿಂದ ಅವರು ಪಾಠ ಹೇಳಿಸಿಕೊಂಡರು. ಫೇಬರರ ಮನಸ್ಸಿನ ಅಳುಕುಗಳಿಗೆ ಇಗ್ನೇಷಿಯಸರು ಸಮಾಧಾನ ಹೇಳಿದರು. ಒಂದೇ ಕೊಠಡಿ, ಒಂದೇ ಊಟದ ಮೇಜು, ಒಂದೇ ಹಣದ ಚೀಲ ಎಂಬಂತೆ ಇಬ್ಬರೂ ಬಾಳಿದರು. ಕ್ಸೇವಿಯರರ ಮನಸ್ಸು ಕರಗಲು ಮಾತ್ರ ವರ್ಷಗಳೇ ಬೇಕಾದವು. 1534ರ ಆಗಸ್ಟ್ 15ರಂದು ಈ ಮೂವರೂ ಇನ್ನು ನಾಲ್ವರೂ ಮೋಂಮಾರ್ತ್ರ್ ಗುಡ್ಡದ ದೇವಾಲಯದಲ್ಲಿ ವ್ರತ ಸ್ವೀಕರಿಸಿದರು. 1540ರಲ್ಲಿ ಮಾನ್ಯತೆ ಪಡೆದ ಯೇಸುಸಭೆಗೆ ಅದೇ ಬೀಜವಾಯಿತು.

ಆ ಕಾಲೇಜಿನ ಮುಖ್ಯಸ್ಥ ದಿಯೋಗೊ ದ ಗೊವೇಯ ಎಂಬುವರು ಒಮ್ಮೆ ಇಗ್ನೇಷಿಯಸರನ್ನು ವಿದ್ಯಾರ್ಥಿಗಳ ದಾರಿ ತಪ್ಪಿಸುವವರೆಂದು ಭಾವಿಸಿ ಶಿಕ್ಷಿಸಲು ಮುಂದಾಗಿದ್ದರು. ಅದೇ ಗೊವೇಯ 1538ರಲ್ಲಿ ಪೋರ್ಚುಗಲ್ಲಿನ ದೊರೆಗೆ ಪತ್ರ ಬರೆದು, ಭಾರತದ ಸೇವೆಗೆ ಈ ಗೆಳೆಯರ ಗುಂಪೇ ತಕ್ಕದ್ದೆಂದು ಸೂಚಿಸಿದರು. 1542ರ ಮೇ 6ರಂದು ಕ್ಸೇವಿಯರ್ ಗೋವೆಯಲ್ಲಿ ಬಂದಿಳಿದರು. ಹಳೆಯ ಗೋವೆಯಲ್ಲಿ ಅವರ ಪಾರ್ಥಿವ ಶರೀರದ ದರ್ಶನಕ್ಕೆ ಹೋಗಿ ಬರುವ ನಮ್ಮ ನಾಡಿನ ಕುಟುಂಬಗಳು ಈ ಯಾತ್ರೆಯ ಮೂಲ ಒಂದು ವಿದ್ಯಾರ್ಥಿ ಕೊಠಡಿಯಲ್ಲಿದೆ ಎಂಬುದನ್ನು ನೆನಪಿಡಬೇಕು.

ಬಹುದಿನ ಜೊತೆಯಲ್ಲಿ ಉಪ್ಪುಂಡ ಹೊರತು ಗೆಳೆಯರು ಪರಸ್ಪರರನ್ನು ಅರಿಯಲಾರರು ಎಂಬ ಅರ್ಥದ ಗಾದೆಯೊಂದನ್ನು ಅರಿಸ್ಟಾಟಲ್ ಉಲ್ಲೇಖಿಸುತ್ತಾನೆ. ಉಪ್ಪಿನ ಋಣವನ್ನು ಬಲ್ಲ ನಮಗೆ ಇದನ್ನು ವಿವರಿಸಬೇಕಾಗಿಲ್ಲ. ಕೊಠಡಿಯನ್ನು ನಾವು ಆರಿಸಬಹುದು. ಅಲ್ಲಿ ಸಿಗುವ ಸಂಗಾತಿಯನ್ನು ಬಹುಮಟ್ಟಿಗೆ ದೈವಸಂಕಲ್ಪವೇ ಒದಗಿಸುತ್ತದೆ.

ಗೇಟು ಹಾಕುವ ಹೊತ್ತು

ನಮ್ಮ ನಾಡಿನ ವಿಷಯಕ್ಕೆ ಬರೋಣ. ಮೈಸೂರಿನ ಮಾನಸಗಂಗೋತ್ರಿ ನಗರದೊಳಗೇ ಇದೆ. ಹತ್ತಿರದ ಬಡಾವಣೆಯಲ್ಲಿ ಕೊಠಡಿ ಹಿಡಿದರೂ ಗ್ರಂಥಾಲಯಕ್ಕೆ ನಡೆದು ಹೋಗಬಹುದು. ಕೊಣಾಜೆಯ ಮಂಗಳಗಂಗೋತ್ರಿಯಾದರೋ ಮಂಗಳೂರು ನಗರದಿಂದ ಸುಮಾರು 20 ಕಿಲೋಮೀಟರ್ ದೂರದ ಗುಡ್ಡದ ಮೇಲಿದೆ. ಪರಿಚಿತರ ಮನೆಯೆಂದು ನಗರದಲ್ಲಿ ಉಳಿದರೆ ದಿನದ ಎರಡು ಪ್ರಯಾಣಗಳು ಓದಿನ ಹೊತ್ತನ್ನು ನುಂಗುತ್ತವೆ. ಅಗ್ಗವೆಂದು ತೋರುವ ವಸತಿಯ ನಿಜವಾದ ಬೆಲೆಯನ್ನು ಗಂಟೆಗಳಲ್ಲಿಯೂ ಲೆಕ್ಕಹಾಕಬೇಕು.

ಹೆಣ್ಣುಮಕ್ಕಳ ವಿಷಯದಲ್ಲಿ ಈ ಮಾತನ್ನು ಇನ್ನಷ್ಟು ಒತ್ತಿ ಹೇಳಬೇಕಾಗಿದೆ. ಸಂಜೆ ಆರಕ್ಕೇ ಬೀಗ ಬೀಳುವ ಮನೆಯೇ ಅತ್ಯುತ್ತಮವೆಂದು ಭಾವಿಸುವ ತಂದೆಯರು ಇದ್ದಾರೆ. ಮಗನಿಗೆ ವಸತಿ ಹುಡುಕುವಾಗ ಅವರೇ ಆ ಪ್ರಶ್ನೆಯನ್ನು ಕೇಳುವುದಿಲ್ಲ. ಸಂಜೆ ಪ್ರಯೋಗಾಲಯದಲ್ಲಿ ಕೆಲಸವಿರುವ, ಗ್ರಂಥಾಲಯದಲ್ಲಿ ಕುಳಿತು ಬರೆಯಬೇಕಾದ ಮಗಳಿಗೆ ಆರು ಗಂಟೆಯ ಬೀಗವು ಇಗ್ನೇಷಿಯಸರಿಗೆ ಛತ್ರದ ಬಾಗಿಲು ಮಾಡಿದ್ದನ್ನೇ ಮಾಡುತ್ತದೆ. ಸುರಕ್ಷತೆ ಬೇಕು, ನಿಜ. ಅದನ್ನು ದೀಪವಿರುವ ದಾರಿಯಲ್ಲಿ, ಎಚ್ಚರವುಳ್ಳ ಮೇಲ್ವಿಚಾರಕಿಯಲ್ಲಿ, ಆವರಣದೊಳಗಿನ ವಸತಿಯಲ್ಲಿ ಹುಡುಕೋಣ. ಮಗಳ ವಿದ್ಯೆಯನ್ನು ಅದಕ್ಕೆ ಬೆಲೆಯಾಗಿ ತೆರುವುದು ನ್ಯಾಯವಲ್ಲ.

ನಮ್ಮವರೇ ಇರಬೇಕೇ?

"ನಮ್ಮವರೇ ಇರುವ ಹಾಸ್ಟೆಲ್ ಆದರೆ ಒಳ್ಳೆಯದು" ಎಂಬುದು ಅನೇಕರ ಅಪೇಕ್ಷೆ. ಧರ್ಮಭಗಿನಿಯರು ನಡೆಸುವ ವಿದ್ಯಾರ್ಥಿನಿಲಯಗಳ ಶಿಸ್ತು, ಶಾಂತಿ, ಪ್ರಾರ್ಥನೆಯ ವಾತಾವರಣ ಅನೇಕ ಮಕ್ಕಳಿಗೆ ಆಸರೆಯಾಗಿವೆ. ಅಂತಹ ನೆಲೆ ಬೇಕೆನ್ನುವ ಮಗುವಿಗೆ ಅದೇ ಯೋಗ್ಯ. ಆದರೆ ಅನ್ಯಧರ್ಮೀಯರ ಸಂಗ ಬೇಡವೆಂಬ ಭಯವೊಂದೇ ಕಾರಣವಾದರೆ ತುಸು ನಿಂತು ಯೋಚಿಸಬೇಕು. ಇತರ ಧರ್ಮಗಳಲ್ಲಿರುವ ಸತ್ಯವಾದುದನ್ನೂ ಪವಿತ್ರವಾದುದನ್ನೂ ಧರ್ಮಸಭೆ ತಿರಸ್ಕರಿಸುವುದಿಲ್ಲ ಎಂದು ಎರಡನೆಯ ವ್ಯಾಟಿಕನ್ ಮಹಾಸಭೆ 1965ರಲ್ಲಿಯೇ ಸಾರಿತು. ನಾಲ್ಕು ಮತದವರ ನಡುವೆ ನಾಚಿಕೆಯಿಲ್ಲದೆ ಶಿಲುಬೆಯ ಗುರುತು ಹಾಕಿಕೊಂಡು ಊಟಕ್ಕೆ ಕೂರುವ, ಪಕ್ಕದ ಹಾಸಿಗೆಯವನ ಉಪವಾಸವನ್ನು ಗೌರವಿಸುವ ಯುವಕನ ವಿಶ್ವಾಸವು ಗೋಡೆಯೊಳಗೆ ಕಾಪಾಡಿದ ವಿಶ್ವಾಸಕ್ಕಿಂತ ಗಟ್ಟಿಯಾದುದು. ಅವನಿಗೆ ಬೇಕಾದುದು ಭಾನುವಾರದ ಬಲಿಪೂಜೆಗೆ ಹೋಗಲು ಒಂದು ದೇವಾಲಯ, ಮನಸ್ಸು ಬಿಚ್ಚಿ ಮಾತನಾಡಲು ಒಬ್ಬ ಗುರು, ಸಾಧ್ಯವಾದರೆ ಐಕಫ್‌ನಂತಹ ಒಂದು ವಿದ್ಯಾರ್ಥಿ ಬಳಗ.

ಕೆಟ್ಟ ಸಂಗಾತಿ ದೊರೆತರೆ? ಹಣ ಕಳೆದ ಆ ಮೊದಲ ಸಂಗಾತಿ ಮುಂದೆ ರೂವಾನ್ ಪಟ್ಟಣದಲ್ಲಿ ಕಾಯಿಲೆ ಬಿದ್ದಿರುವುದನ್ನು ಕೇಳಿ ಇಗ್ನೇಷಿಯಸರು ಮೂರು ದಿನ ಬರಿಗಾಲಲ್ಲಿ, ಉಪವಾಸವಿದ್ದು ನಡೆದು ಹೋಗಿ ಅವನನ್ನು ಸಂತೈಸಿ ಊರಿಗೆ ಕಳುಹಿಸಿಕೊಟ್ಟರು. ಕ್ಷಮೆಗೆ ಇದಕ್ಕಿಂತ ನಿದರ್ಶನ ಬೇಕೇ? ಆದರೆ ಕ್ಷಮೆಯೆಂದರೆ ಅನ್ಯಾಯದ ಎದುರು ಮೌನವೆಂದು ಮಕ್ಕಳಿಗೆ ತಪ್ಪಾಗಿ ಕಲಿಸಬಾರದು. ರ‍್ಯಾಗಿಂಗ್ ಪಿಡುಗಿನ ವಿರುದ್ಧ ವಿಶ್ವವಿದ್ಯಾನಿಲಯ ಅನುದಾನ ಆಯೋಗವು 2009ರಲ್ಲಿ ಕಟ್ಟುನಿಟ್ಟಿನ ನಿಯಮಗಳನ್ನು ರೂಪಿಸಿದೆ. ಹಿಂಸೆಗೆ ಒಳಗಾದ ಮಗು ಮೊದಲ ದಿನವೇ ಮನೆಗೆ ಹೇಳುವಂತಹ ಸಲುಗೆ ನಮ್ಮ ಮನೆಗಳಲ್ಲಿರಬೇಕು.

ಧರ್ಮಕೇಂದ್ರದ ಹೊಣೆ

ಇಷ್ಟೆಲ್ಲ ಹೇಳಿದ ಮೇಲೂ ಆಯ್ಕೆಯೇ ಇಲ್ಲದ ಕುಟುಂಬಗಳು ನಮ್ಮ ನಡುವೆ ಇವೆ. ಅವರಿಗೆ ಅಗ್ಗವಾದುದೇ ಅಂತಿಮ. ಇಲ್ಲಿ ಸಮುದಾಯದ ಹೊಣೆ ಆರಂಭವಾಗುತ್ತದೆ. ನಮ್ಮ ಅನೇಕ ಧರ್ಮಕೇಂದ್ರಗಳಲ್ಲಿ ಸಂತ ವಿನ್ಸೆಂಟ್ ದ ಪಾಲ್ ಸಭೆಯಿದೆ. ಅದನ್ನು 1833ರಲ್ಲಿ ಸಂಗಡಿಗರೊಡನೆ ಆರಂಭಿಸಿದ ಫ್ರೆಡ್ರಿಕ್ ಒಝಾನಮ್ ಆಗ ಪ್ಯಾರಿಸಿನಲ್ಲಿ ಕಾನೂನು ವಿದ್ಯಾರ್ಥಿ. ಮನೆ ಬಿಟ್ಟು ಬಂದು ತಬ್ಬಿಬ್ಬಾಗಿದ್ದ ಆ ಯುವಕನಿಗೆ ತಮ್ಮ ಮನೆಯಲ್ಲಿ ಕೊಠಡಿ ಕೊಟ್ಟವರು ಹೆಸರಾಂತ ಭೌತವಿಜ್ಞಾನಿ ಆಂಪೇರ್. ಆ ಮನೆಯಲ್ಲಿ ವಿಜ್ಞಾನವೂ ದೈವಭಕ್ತಿಯೂ ಒಟ್ಟಿಗೆ ನೆಲೆಸಿರುವುದನ್ನು ಅವನು ಕಣ್ಣಾರೆ ಕಂಡನು. ಮದುವೆ, ಹಬ್ಬಗಳಿಗೆ ಕೈಬಿಚ್ಚಿ ಖರ್ಚು ಮಾಡುವ ನಾವು ಒಬ್ಬ ಬಡ ವಿದ್ಯಾರ್ಥಿಯ ಹಾಸ್ಟೆಲ್ ಶುಲ್ಕದ ವ್ಯತ್ಯಾಸವನ್ನು ಭರಿಸಲಾರೆವೇ? ವಿಶ್ವವಿದ್ಯಾನಿಲಯದ ಸಮೀಪದಲ್ಲಿ ಮನೆಯುಳ್ಳವರು ಒಂದು ಕೊಠಡಿಯನ್ನು ನ್ಯಾಯವಾದ ಬಾಡಿಗೆಗೆ ಕೊಡಲಾರರೇ?

ಸಂತ ಯೊವಾನ್ನರ ಶುಭಸಂದೇಶದಲ್ಲಿ ಮೊದಲ ಶಿಷ್ಯರು ಯೇಸುಸ್ವಾಮಿಯನ್ನು ಕೇಳಿದ ಮೊದಲ ಪ್ರಶ್ನೆ ತತ್ತ್ವಕ್ಕೆ ಸಂಬಂಧಿಸಿದುದಲ್ಲ. ಅವರು ಎಲ್ಲಿ ವಾಸವಾಗಿದ್ದಾರೆ ಎಂಬುದು. ಬಂದು ನೋಡಿರಿ ಎಂದು ಸ್ವಾಮಿ ಕರೆದರು; ಅವರು ಹೋದರು, ನೋಡಿದರು, ಆ ದಿನ ಅಲ್ಲಿಯೇ ತಂಗಿದರು. ತಂದೆತಾಯಿಯರೂ ಹಾಗೆಯೇ ಮಾಡಲಿ. ಹಣ ಕಟ್ಟುವ ಮುನ್ನ ಮಗುವಿನೊಡನೆ ಹೋಗಿ ನೋಡಿ. ಅಲ್ಲಿ ಈಗ ಇರುವ ವಿದ್ಯಾರ್ಥಿಗಳನ್ನು ಮಾತನಾಡಿಸಿ. ಕೊಠಡಿಯಿಂದ ಗ್ರಂಥಾಲಯಕ್ಕೆ ಒಮ್ಮೆ, ದೇವಾಲಯಕ್ಕೆ ಒಮ್ಮೆ ಹೋಗಿ ಬನ್ನಿ. ಬಳಿಕ ನಿಮ್ಮ ಅಭಿಪ್ರಾಯ ಹೇಳಿ, ಮಗುವಿನ ಮಾತಿಗೂ ಕಿವಿಗೊಡಿ. ಅಲ್ಲಿ ಬಾಳಬೇಕಾದವರು ಅವರಲ್ಲವೇ?

ಹೊಸದಾಗಿ ಮನೆ ಬಿಟ್ಟು ಹೊರಡುವ ನಮ್ಮ ಎಲ್ಲ ಮಕ್ಕಳ ಮೇಲೂ, ಯಾವ ಊರಿನವರೋ ಯಾವ ಮತದವರೋ ಇನ್ನೂ ತಿಳಿಯದ ಅವರ ಕೊಠಡಿಯ ಸಂಗಾತಿಗಳ ಮೇಲೂ ದೇವರ ಆಶೀರ್ವಾದವಿರಲಿ.