‘ನೋಡೋಣ’ ಎಂದ ಅಪ್ಪ ಮತ್ತೆ ಫೋನ್ ಮಾಡಿದರು

2020ರ ಏಪ್ರಿಲ್ ಕೊನೆಯ ವಾರ. ಲಾಕ್‌ಡೌನ್. ಪರೀಕ್ಷೆಯನ್ನೇ ಬರೆಯದೆ ಎಂಟನೇ ಕ್ಲಾಸು ಪಾಸಾಗಿದ್ದ ನಾನು ದೊಡ್ಡಬಳ್ಳಾಪುರದ ನಮ್ಮ ಮನೆಯಲ್ಲಿ ರಾಜನ ಹಾಗೆ ಕೂತಿದ್ದೆ. ನಮ್ಮ ಬೀದಿಯಲ್ಲಿ ಹಗಲು ರಾತ್ರಿ ಸದ್ದು ಮಾಡುತ್ತಿದ್ದ ಮಗ್ಗಗಳೆಲ್ಲ ನಿಂತುಹೋಗಿದ್ದವು. ಹಾಗಾಗಿ ಹಾಲ್‌ನಲ್ಲಿ ಕೂತು ಅಪ್ಪ ಫೋನಿನಲ್ಲಿ ಆಡುವ ಮಾತು ಅಡುಗೆಮನೆವರೆಗೂ ಕೇಳುತ್ತಿತ್ತು.

ಅಪ್ಪ ಬೆಂಗಳೂರಿನ ವಿಶ್ವವಿದ್ಯಾಲಯವೊಂದರ ಕಚೇರಿಯಲ್ಲಿ ಸೂಪರಿಂಟೆಂಡೆಂಟ್. ಅವತ್ತು ಅವರ ಕೈಯಲ್ಲಿ ಒಂದು ಹಾಳೆ ಇತ್ತು. ಅದರಲ್ಲಿ ಅವರ ವಿಭಾಗದ ಹದಿನಾಲ್ಕು ಜನರ ಹೆಸರು. ಒಬ್ಬೊಬ್ಬರಿಗೇ ಫೋನ್ ಮಾಡಿ ಒಂದು ಕೆಟ್ಟ ಸುದ್ದಿ ಹೇಳಬೇಕಿತ್ತು. ಹೇಳಿದವರ ಹೆಸರಿನ ಮುಂದೆ ಟಿಕ್ ಹಾಕುವ ಕೆಲಸ ನನ್ನದು.

ಸುದ್ದಿ ಇಷ್ಟು. ಸರ್ಕಾರಿ ನೌಕರರಿಗೆ ಬೆಲೆ ಏರಿದ ಹಾಗೆಲ್ಲ ಸಾಮಾನ್ಯವಾಗಿ ವರ್ಷಕ್ಕೆ ಎರಡು ಸಲ, ಜನವರಿ ಮತ್ತು ಜುಲೈ ಲೆಕ್ಕದಲ್ಲಿ, ತುಟ್ಟಿಭತ್ಯೆ ಹೆಚ್ಚುತ್ತದೆ. ಎಲ್ಲರೂ ‘ಡಿಎ’ ಅನ್ನುವುದು ಇದನ್ನೇ. ಕೊರೊನಾದಿಂದ ಸರ್ಕಾರಕ್ಕೆ ಬರುವ ತೆರಿಗೆ ಕುಸಿದು, ಖರ್ಚು ಏರಿತ್ತು. ಏಪ್ರಿಲ್ 23ರಂದು ಕೇಂದ್ರ ಸರ್ಕಾರ 2020ರ ಜನವರಿ, ಜುಲೈ ಮತ್ತು 2021ರ ಜನವರಿಯ ಮೂರು ಕಂತುಗಳನ್ನು ತಡೆಹಿಡಿಯಿತು. ಕೆಲವೇ ದಿನಗಳಲ್ಲಿ ನಮ್ಮ ರಾಜ್ಯವೂ ಅದೇ ದಾರಿ ಹಿಡಿಯಿತು. ರಾಜ್ಯದ ವೇತನ ಶ್ರೇಣಿಯಲ್ಲಿರುವ ವಿಶ್ವವಿದ್ಯಾಲಯದ ಸಿಬ್ಬಂದಿಗೂ ಇದು ಅನ್ವಯ. ಅಲ್ಲಿಗೆ ಒಂದೂವರೆ ವರ್ಷ ಡಿಎ ಏರುವುದಿಲ್ಲ ಎಂದಾಯಿತು.

ಸುದ್ದಿ ಟಿವಿಯಲ್ಲಿ ಬಂದಿತ್ತು, ಆದೇಶದ ಫೋಟೊ ವಾಟ್ಸ್ಆ್ಯಪ್‌ನಲ್ಲೂ ಓಡಾಡುತ್ತಿತ್ತು. ‘ಗ್ರೂಪಿಗೆ ಹಾಕಿ ಸುಮ್ಮನಾಗಬಹುದಲ್ಲ ಅಪ್ಪಾ’ ಎಂದೆ. ‘ಓದೋಕೆ ಬರದವರು ಇದಾರೆ, ಓದಿದರೂ ಅರ್ಥ ಆಗದವರು ಇದಾರೆ. ನಾನೇ ಹೇಳ್ತೀನಿ’ ಎಂದರು.

ಮೊದಲ ಐದಾರು ಕರೆ ಸಲೀಸಾಗಿ ಮುಗಿದವು. ‘ಗೊತ್ತಾಯ್ತು ಸಾರ್, ಎಲ್ಲರಿಗೂ ಆಗಿದ್ದು ನಮಗೂ’ ಎಂದರು. ಆಮೇಲೆ ಅಟೆಂಡರ್ ಆಂಟಿಯ ಸರದಿ. ಅಪ್ಪ ಎಲ್ಲ ಹೇಳಿದ ಮೇಲೆ ಅವರು ಕೇಳಿದ್ದು ಒಂದೇ ಪ್ರಶ್ನೆ: ‘ಅರಿಯರ್ಸ್ ಆಮೇಲೆ ಒಟ್ಟಿಗೆ ಬರುತ್ತಲ್ವಾ ಸಾರ್?’

ಅಪ್ಪ ಒಂದು ಕ್ಷಣ ತಡೆದರು. ‘ನೋಡೋಣ ಕಣಮ್ಮ, ಕೊಟ್ಟರೂ ಕೊಡಬಹುದು’ ಎಂದುಬಿಟ್ಟರು.

‘ಹಂಗಾದ್ರೆ ಸಾಲ ತಗೊಂಡು ಮನೆ ಶೀಟ್ ಹಾಕಿಸಿಬಿಡ್ತೀನಿ. ಮಳೆಗಾಲ ಬಂತಲ್ಲ. ದುಡ್ಡು ಬಂದಾಗ ತೀರಿಸ್ತೀನಿ.’

ಫೋನ್ ಇಟ್ಟ ಮೇಲೆ ಅಮ್ಮ ಅಡುಗೆಮನೆಯಿಂದಲೇ ಕೇಳಿದರು: ‘ಹಳೇ ಬಾಕಿ ಕೊಡ್ತಾರಾ?’

‘ಇಲ್ಲ. ಕೇಂದ್ರದ ಆದೇಶದಲ್ಲೇ ಕೊಡಲ್ಲ ಅಂತ ಬರೆದಿದೆ. ಇಲ್ಲೂ ಅಷ್ಟೇ.’

‘ಮತ್ತೆ ಆ ಯಮ್ಮನಿಗೆ ಯಾಕೆ ಹಂಗಂದ್ರಿ?’

ಅಪ್ಪ ಉತ್ತರ ಕೊಡಲಿಲ್ಲ. ನಾನು ಹಾಕಿದ್ದ ಟಿಕ್ಕನ್ನು ತಾವೇ ಅಳಿಸಿದರು. ಊಟ ಮಾಡಿ ಎದ್ದ ಮೇಲೆ ಮತ್ತೆ ಫೋನ್ ಮಾಡಿದರು. ‘ಬೆಳಿಗ್ಗೆ ನಾನು ತಪ್ಪು ಹೇಳಿದೆ ಕಣಮ್ಮ. ಈ ಒಂದೂವರೆ ವರ್ಷದ್ದು ಬರಲ್ಲ. ಆ ಲೆಕ್ಕ ಇಟ್ಕೊಂಡು ಸಾಲ ಮಾಡಬೇಡಿ.’ ಆಂಟಿ ಸುಮ್ಮನಿದ್ದರು. ಆಮೇಲೆ ‘ಮೊದಲೇ ಹೇಳಬಾರದಿತ್ತಾ ಸಾರ್’ ಎಂದು ಕರೆ ಕತ್ತರಿಸಿದರು. ಆಫೀಸು ತೆರೆದ ಮೇಲೂ ಸುಮಾರು ದಿನ ಅಪ್ಪನ ಹತ್ತಿರ ಸರಿಯಾಗಿ ಮಾತಾಡಲಿಲ್ಲವಂತೆ. ಆದರೆ ಸಾಲ ಮಾಡಲಿಲ್ಲ. ಆ ಮಳೆಗಾಲವನ್ನು ಟಾರ್ಪಾಲಿನಲ್ಲೇ ಕಳೆದರು.

2021ರ ಜುಲೈನಲ್ಲಿ ರಾಜ್ಯ ಸರ್ಕಾರ ಡಿಎಯನ್ನು ಶೇ 11.25ರಿಂದ ಒಮ್ಮೆಲೇ ಶೇ 21.50ಕ್ಕೆ ಏರಿಸಿತು. ₹30,000 ಮೂಲ ವೇತನ ಇದ್ದವರಿಗೆ ಇದರಿಂದ ತಿಂಗಳಿಗೆ ₹3,075 ಹೆಚ್ಚು. ಆದರೆ ಅದು ಜುಲೈ 1ರಿಂದ ಮುಂದಕ್ಕೆ ಮಾತ್ರ. ಹಿಂದಿನ ಹದಿನೆಂಟು ತಿಂಗಳ ಬಾಕಿ ಬರಲೇ ಇಲ್ಲ. ‘ತಡೆ’ ಎಂಬ ಪದ ಕೇಳಿದರೆ ಮುಂದೆ ಸಿಗುತ್ತದೆ ಅನ್ನಿಸುತ್ತದೆ. ಆದರೆ ಆ ಹದಿನೆಂಟು ತಿಂಗಳ ಮಟ್ಟಿಗೆ ಅದು ‘ರದ್ದು’. ಆಂಟಿಗೆ ಬೇಕಿದ್ದದ್ದು ಸಮಾಧಾನವಲ್ಲ, ಈ ಎರಡು ಪದಗಳ ನಡುವಿನ ವ್ಯತ್ಯಾಸ.

ಇದನ್ನು ದೊಡ್ಡ ಕಷ್ಟ ಅಂತ ಹೇಳುತ್ತಿಲ್ಲ. ಅದೇ ವಾರ ಪಕ್ಕದ ಮನೆಯ ನೇಕಾರ ಅಂಕಲ್ ‘ನಿಮಗೆ ಏರೋದು ನಿಂತಿದೆ, ನಮಗೆ ಬರೋದೇ ನಿಂತಿದೆ’ ಎಂದಿದ್ದರು. ಅಪ್ಪನ ಆಫೀಸಿನ ಹೊರಗುತ್ತಿಗೆ ಹುಡುಗರಿಗೆ ಡಿಎಯೇ ಇಲ್ಲ, ಹಾಗಾಗಿ ಆ ಹಾಳೆಯಲ್ಲಿ ಅವರ ಹೆಸರೂ ಇರಲಿಲ್ಲ. ಖಜಾನೆಗೆ ನಿಜವಾಗಿಯೂ ಕಷ್ಟವಿತ್ತು. ನಮ್ಮ ಸಚಿವರು, ಶಾಸಕರ ಸಂಬಳದಲ್ಲೂ ಆ ವರ್ಷ ಶೇ 30ರಷ್ಟು ಕಡಿತವಾಯಿತು. ಅಪ್ಪ ಪ್ರತಿ ಕರೆಯಲ್ಲೂ ಇದನ್ನು ಹೇಳುತ್ತಿದ್ದರು. ಮೇಲಿನವರೂ ಸ್ವಲ್ಪ ಹೊತ್ತಿದ್ದಾರೆ ಅಂತ ಗೊತ್ತಾದರೆ ಕೇಳುವವರ ದನಿ ಕೊಂಚ ಇಳಿಯುತ್ತಿದ್ದುದನ್ನು ನಾನೇ ಗಮನಿಸಿದ್ದೇನೆ.

ಈಗ ನಾನು ಬಿಇ ನಾಲ್ಕನೇ ಸೆಮಿಸ್ಟರ್. ಆಫರ್ ಲೆಟರ್ ಕೈಯಲ್ಲಿದ್ದರೂ ಜಾಯಿನಿಂಗ್ ದಿನಾಂಕ ಸಿಗದೆ ಕಾಯುವ ಸೀನಿಯರ್‌ಗಳನ್ನು ನೋಡುತ್ತಿದ್ದೇನೆ. ‘ಶೀಘ್ರದಲ್ಲೇ ತಿಳಿಸುತ್ತೇವೆ’ ಎಂಬ ಒಂದು ಸಾಲಿನ ಮೇಲ್ ನಂಬಿ ಬೇರೆ ಇಂಟರ್‌ವ್ಯೂಗೆ ಹೋಗದೆ ಕೂತವರೂ ಇದ್ದಾರೆ. ಅದು ಕೂಡ ಅಪ್ಪನ ‘ನೋಡೋಣ’ದಂಥದ್ದೇ. ಅಂಥ ಮೇಲ್ ಬಂದರೆ ನಾವೇ ಕೇಳಬೇಕು: ಇದು ಮುಂದೂಡಿಕೆಯೋ, ರದ್ದೋ? ಮುಂದೂಡಿಕೆಯಾದರೆ ಯಾವತ್ತಿನವರೆಗೆ? ಉತ್ತರ ಬಾರದಿದ್ದರೆ ಇಲ್ಲವೆಂದೇ ಲೆಕ್ಕ ಹಾಕಿ ಮುಂದಿನ ಅರ್ಜಿ ಹಾಕಬೇಕು.

ಬೇರೆಯವರಿಗೆ ಹೇಳುವುದು ಸುಲಭ. ಮೂರನೇ ಸೆಮಿಸ್ಟರ್‌ನಲ್ಲಿ ನನಗೆ ಗಣಿತ ಕೈಕೊಟ್ಟಿತು. ಅಪ್ಪ ಕೇಳಿದಾಗ ‘ರೀವ್ಯಾಲ್ಯುಯೇಷನ್‌ಗೆ ಹಾಕ್ತೀನಿ, ನೋಡೋಣ’ ಎಂದೆ. ಬಂದಿರುವ ಅಂಕ ನೋಡಿದರೆ ಯಾವ ಮರುಮೌಲ್ಯಮಾಪನದಿಂದಲೂ ಪಾಸಾಗುವ ಮಾತೇ ಇರಲಿಲ್ಲ. ರಾತ್ರಿ ಮಲಗಿದಾಗ ಆ ಅಳಿಸಿದ ಟಿಕ್ ನೆನಪಾಯಿತು. ಎದ್ದು ಹಾಲ್‌ಗೆ ಹೋದೆ. ಅಪ್ಪ ನ್ಯೂಸ್ ನೋಡುತ್ತಿದ್ದರು.

‘ಅಪ್ಪಾ, ಆಗಲೇ ತಪ್ಪು ಹೇಳಿದೆ. ಅದು ಪಾಸಾಗಲ್ಲ. ಮತ್ತೆ ಬರೀಬೇಕು.’

ಅಪ್ಪ ಟಿವಿಯ ಸೌಂಡ್ ಕಡಿಮೆ ಮಾಡಿ, ‘ಪರೀಕ್ಷೆ ಯಾವಾಗ?’ ಎಂದಷ್ಟೇ ಕೇಳಿದರು.