‘ಐಡಲಾಲಟ್ರಿ’: ಒಂದು ವಿರಳಪದದ ರೂಪವೂ ಅರ್ಥವೂ

ವಿಗ್ರಹಾರಾಧನೆಯೆಂಬರ್ಥದಲ್ಲಿ ಇಂಗ್ಲಿಷಿನೊಳಗೆ ರೂಢವಾಗಿರುವ ಪದವು ‘ಐಡಾಲಟ್ರಿ’. ಹಳೆಯ ಮತಶಾಸ್ತ್ರಗ್ರಂಥಗಳಲ್ಲಾದರೋ ಲಕಾರವು ಎರಡು ಸಲ ಬಂದಿರುವ ‘ಐಡಲಾಲಟ್ರಿ’ ಎಂಬ ರೂಪವೂ ವಿರಳವಾಗಿ ದೊರೆಯುತ್ತದೆ. ಇದನ್ನು ಅಚ್ಚಿನ ತಪ್ಪೆಂದು ತಿದ್ದುವುದು ಸುಲಭ. ಆದರೆ ಹಾಗೆ ತಿದ್ದಿದವರು ಪದದ ಮೂಲರೂಪವನ್ನೇ ಅಳಿಸಿದಂತಾಗುವುದು.

ಗ್ರೀಕಿನಲ್ಲಿ ‘ಎಯ್ಡೋಲೊನ್’ ಎಂದರೆ ಪ್ರತಿರೂಪ. ‘ಲತ್ರೆಯಾ’ ಎಂದರೆ ಮೊದಲು ಕೂಲಿಯ ಸೇವೆ, ಅನಂತರ ದೇವತಾಸೇವೆ. ಇವೆರಡರ ಸಮಾಸವೇ ‘ಎಯ್ಡೋಲೊಲತ್ರೆಯಾ’. ಕ್ರಿ. ಶ. 200ರ ಸುಮಾರಿನಲ್ಲಿದ್ದ ಟೆರ್ಟುಲಿಯನ್ನನು ಲ್ಯಾಟಿನ್ನಿನಲ್ಲಿ ಬರೆದ ಒಂದು ಗ್ರಂಥಕ್ಕೆ ಈ ಪೂರ್ಣರೂಪವೇ ಹೆಸರಾಗಿದೆ. ಮುಂದೆ ‘ಲೊ’, ‘ಲ’ ಎಂಬ ಸದೃಶಾಕ್ಷರಗಳು ಒತ್ತೊತ್ತಾಗಿ ಬಂದುದರಿಂದ ಒಂದು ಲೋಪವಾಗಿ ‘ಇಡೊಲಾತ್ರಿಯಾ’ ಎಂದಾಯಿತು. ಅದೇ ಫ್ರೆಂಚಿನ ಮೂಲಕ ಇಂಗ್ಲಿಷಿಗೆ ಬಂದಿತು. ಲ್ಯಾಟಿನ್ನಿನಲ್ಲಿ ದಾದಿ ಎಂಬರ್ಥದ ‘ನೂತ್ರೀಕ್ಸ್’ ಎಂಬುದೂ ‘ನೂತ್ರಿತ್ರೀಕ್ಸ್’ ಎಂಬುದರಿಂದ ಹೀಗೆಯೇ ಹುಟ್ಟಿದುದು. ಆದುದರಿಂದ ಹ್ರಸ್ವರೂಪವು ರೂಢಿಗೂ ದೀರ್ಘರೂಪವು ಮೂಲಕ್ಕೂ ಸಮ್ಮತ, ಎರಡೂ ಸಾಧುವೇ.

ಆರಾಧಕನನ್ನು ಹೇಳುವ ‘ಐಡಾಲಟರ್’ ಪದದ ಕೊನೆಯಲ್ಲಿ ‘ಇ, ಆರ್’ ಎಂದು ಬರೆಯುವುದೇ ಶಿಷ್ಟಪ್ರಯೋಗ. ‘ಓ, ಆರ್’ ಎಂದು ಬರೆಯುವವರು ‘ಕ್ರಿಯೇಟರ್’ ಮೊದಲಾದವುಗಳ ಸಾದೃಶ್ಯಕ್ಕೆ ಒಳಗಾದವರು. ಅಲ್ಲಿಯದು ಲ್ಯಾಟಿನ್ನಿನ ಕರ್ತೃಪ್ರತ್ಯಯ. ಇಲ್ಲಿಯ ಟಕಾರ ರಕಾರಗಳಾದರೋ ‘ಲತ್ರೆಯಾ’ ಶಬ್ದದ ಪ್ರಕೃತಿಗೇ ಸೇರಿದವು.

ಇನ್ನು ಅರ್ಥವಿಚಾರ. ಹೋಮರನ ಕಾವ್ಯಗಳಲ್ಲಿ ‘ಎಯ್ಡೋಲೊನ್’ ಎಂಬುದು ಸತ್ತವರ ಛಾಯೆಗೆ ಹೆಸರು; ಸತ್ತ್ವವಿಲ್ಲದ ಆಕಾರವೆಂಬ ಧ್ವನಿ ಅದರಲ್ಲಿ ಅಡಗಿದೆ. ಯೆಹೂದ್ಯರೂ ಕ್ರೈಸ್ತರೂ ಅದನ್ನು ಅನ್ಯರ ದೇವತೆಗಳಿಗೆ ಅನ್ವಯಿಸಿದಾಗ ನಿಂದೆಯೇ ಪದದ ಅರ್ಥದೊಳಗೆ ಸೇರಿತು. 787ರಲ್ಲಿ ನೈಸಿಯದಲ್ಲಿ ಕೂಡಿದ ಕ್ರೈಸ್ತಮಹಾಸಭೆಯು ಪವಿತ್ರಚಿತ್ರಗಳಿಗೆ ಗೌರವವಂದನೆಯನ್ನು ವಿಧಿಸಿ, ‘ಲತ್ರೆಯಾ’ ದೇವರೊಬ್ಬನಿಗೇ ಸಲ್ಲತಕ್ಕುದೆಂದು ನಿರ್ಣಯಿಸಿದುದು ಈ ಅಪವಾದವು ತಮಗೆ ತಟ್ಟದಿರಲೆಂದೇ.

ಕನ್ನಡ ಬೈಬಲ್ಲಿನಲ್ಲಿ ಇದಕ್ಕೆ ‘ವಿಗ್ರಹಾರಾಧನೆ’ ಎಂಬ ಪದವನ್ನು ಬಳಸಿದೆ. ಆದರೆ ‘ವಿಗ್ರಹ’ವೆಂದರೆ ಶರೀರ, ಆಕಾರ, ‘ಆರಾಧನೆ’ಯೆಂದರೆ ಭಕ್ತಿಯಿಂದ ಸೇವಿಸುವುದು. ಎರಡರಲ್ಲಿಯೂ ನಿಂದೆಯಿಲ್ಲ. ಕನ್ನಡದ ಪದವು ಕ್ರಿಯೆಯನ್ನು ವರ್ಣಿಸುತ್ತದೆ. ಇಂಗ್ಲಿಷಿನ ಪದವು ತೀರ್ಪನ್ನು ಕೊಡುತ್ತದೆ. ಆದಕಾರಣ ನಮ್ಮ ದೇವಾಲಯಗಳ ಪೂಜಾವಿಧಿಯನ್ನು ಇಂಗ್ಲಿಷಿನಲ್ಲಿ ವಿವರಿಸುವವರು ‘ಐಡಾಲಟ್ರಿ’ಯನ್ನು ಬಿಟ್ಟು ‘ಇಮೇಜ್ ವರ್ಷಿಪ್’ ಎಂಬ ಸರಳಸಮಾಸವನ್ನು ಹಿಡಿಯುವುದು ಯುಕ್ತ. ಅಕ್ಷರದೋಷವನ್ನು ಓದುಗನು ತಾನೇ ತಿದ್ದಿಕೊಳ್ಳಬಲ್ಲನು. ಪದದೊಳಗೆ ಅಡಗಿದ ತೀರ್ಪು ಅವನಿಗೆ ತಿಳಿಯದಂತೆಯೇ ಮನಸ್ಸಿಗೆ ಇಳಿಯುತ್ತದೆ.