ಜೌಗಿನಲ್ಲಿ ಅಡಗಿದ್ದ ದೊರೆ ಬರೆಸಿದ ಪುಸ್ತಕಗಳು

ಕ್ರಿ.ಶ. 878ರ ಜನವರಿ. ಕ್ರಿಸ್‌ಮಸ್ ಹಬ್ಬದ ದಿನಗಳು ಆಗಷ್ಟೇ ಕಳೆದಿದ್ದವು. ಡೇನರ ನಾಯಕ ಗುಥ್ರಮ್ ತನ್ನ ಪಡೆಯೊಂದಿಗೆ ಚಿಪ್ಪನಮ್‌ಗೆ ನುಗ್ಗಿ, ಅಲ್ಲಿಂದ ಇಂಗ್ಲೆಂಡಿನ ವೆಸೆಕ್ಸ್ ರಾಜ್ಯದ ಬಹುಭಾಗವನ್ನು ಕೈವಶ ಮಾಡಿಕೊಂಡ. ಹಲವರು ಕಡಲು ದಾಟಿ ಓಡಿದರು, ಉಳಿದವರು ಶರಣಾದರು. ದೊರೆ ಆಲ್‌ಫ್ರೆಡ್ ಸಣ್ಣದೊಂದು ದಂಡಿನೊಂದಿಗೆ ಸಾಮರ್‌ಸೆಟ್‌ನ ಕಾಡು, ಜೌಗುಗಳಲ್ಲಿ ತಲೆಮರೆಸಿಕೊಂಡ. ನಾರ್ತಂಬ್ರಿಯಾ, ಈಸ್ಟ್ ಆಂಗ್ಲಿಯಾ, ಮರ್ಸಿಯಾ ಅಷ್ಟರಲ್ಲಾಗಲೇ ಡೇನರ ಹೊಡೆತಕ್ಕೆ ಉರುಳಿದ್ದವು.

ಇದೇ ಮನುಷ್ಯ ಮುಂದೆ ಇಂಗ್ಲಿಷ್ ಗದ್ಯವನ್ನು ವಿದ್ಯೆಯ ಭಾಷೆಯಾಗಿ ನಿಲ್ಲಿಸಿದ.

ಜೌಗಿನ ದಿನಗಳ ಬಗ್ಗೆ ಎಲ್ಲರಿಗೂ ಗೊತ್ತಿರುವ ಕಥೆ ಬೇರೆಯೇ. ದನಗಾಹಿಯ ಮನೆಯಲ್ಲಿ ಆಶ್ರಯ ಪಡೆದ ದೊರೆ ಒಲೆಯ ಮೇಲಿನ ರೊಟ್ಟಿ ಸೀಯಲು ಬಿಟ್ಟು, ಮನೆಯೊಡತಿಯಿಂದ ಬೈಸಿಕೊಂಡನಂತೆ. ಈ ಪ್ರಸಂಗ ಅವನ ಕಾಲದ ಬರಹಗಳಲ್ಲಿ ಇಲ್ಲ. ಅವನು ತೀರಿಕೊಂಡು ಹಲವು ದಶಕಗಳಾದ ಮೇಲೆ ಬಂದ ಸಂತ ನಿಯಾಟ್‌ನ ಚರಿತ್ರೆಯಲ್ಲಿ ಅದು ಮೊದಲು ಕಾಣಿಸಿತು.

ನಿಜವಾಗಿ ನಡೆದದ್ದೇ ಹೆಚ್ಚು ರೋಚಕವಾಗಿದೆ. ಈಸ್ಟರ್ ಹೊತ್ತಿಗೆ ಆಲ್‌ಫ್ರೆಡ್ ಅಥೆಲ್ನಿ ಎಂಬ ನಡುಗಡ್ಡೆಯಲ್ಲಿ ಕೋಟೆ ಕಟ್ಟಿಕೊಂಡ. ಈಸ್ಟರ್ ಕಳೆದ ಏಳನೆಯ ವಾರ ಸಾಮರ್‌ಸೆಟ್, ವಿಲ್ಟ್‌ಶೈರ್, ಹ್ಯಾಂಪ್‌ಶೈರ್‌ಗಳ ಜನ ಅವನ ಕರೆಗೆ ಬಂದು ಸೇರಿದರು. ಎಡಿಂಗ್ಟನ್‌ನಲ್ಲಿ ಡೇನರು ಸೋತರು. ಹದಿನಾಲ್ಕು ದಿನಗಳ ಮುತ್ತಿಗೆಯ ನಂತರ ಗುಥ್ರಮ್ ಮಣಿದ. ಆಲ್‌ಫ್ರೆಡ್ ಅವನನ್ನು ಕೊಲ್ಲಲಿಲ್ಲ. ದೀಕ್ಷಾಸ್ನಾನ ಮಾಡಿಸಿ, ತಾನೇ ಧರ್ಮಪಿತನಾಗಿ ನಿಂತ.

849ರ ಸುಮಾರಿಗೆ ವಾಂಟೇಜ್‌ನಲ್ಲಿ ಹುಟ್ಟಿದ ಆಲ್‌ಫ್ರೆಡ್ ಐವರು ಗಂಡುಮಕ್ಕಳಲ್ಲಿ ಕೊನೆಯವನು. ಪಟ್ಟ ಅವನ ಪಾಲಿಗೆ ಬರುವುದೇ ಅನುಮಾನವಿತ್ತು. ಮೂವರು ಅಣ್ಣಂದಿರು ಒಬ್ಬರಾದ ಮೇಲೊಬ್ಬರು ವೆಸೆಕ್ಸ್ ಆಳಿ ತೀರಿಕೊಂಡ ಮೇಲೆ, 871ರಲ್ಲಿ, ಯುದ್ಧದ ನಡುವೆಯೇ ಅವನು ದೊರೆಯಾದ. ಹನ್ನೆರಡು ವರ್ಷ ದಾಟುವವರೆಗೂ ಅವನಿಗೆ ಓದು ಬರುತ್ತಿರಲಿಲ್ಲ ಎಂದು ಅವನ ಜೀವನಚರಿತ್ರೆ ಬರೆದ ವೇಲ್ಸ್‌ನ ಪಾದ್ರಿ ಆಸರ್ ಹೇಳುತ್ತಾನೆ. ತಾಯಿ ತೋರಿಸಿದ ಇಂಗ್ಲಿಷ್ ಕವಿತೆಗಳ ಪುಸ್ತಕವನ್ನು ಬೇರೆಯವರಿಂದ ಓದಿಸಿಕೊಂಡು, ಬಾಯಿಪಾಠ ಮಾಡಿ, ಅಣ್ಣಂದಿರಿಗಿಂತ ಮೊದಲು ಒಪ್ಪಿಸಿ ಗೆದ್ದನಂತೆ.

ಎಡಿಂಗ್ಟನ್‌ನಲ್ಲಿ ಗೆದ್ದ ಮೇಲೆ ರಾಜ್ಯವನ್ನು ಭದ್ರಪಡಿಸುವ ಕೆಲಸ ನಡೆಯಿತು. ‘ಬರ್’ ಎಂಬ ಕೋಟೆಯೂರುಗಳ ಸಾಲು ಎದ್ದಿತು. ಸೈನ್ಯದಲ್ಲಿ ಅರ್ಧ ಜನ ಮನೆಯಲ್ಲಿ, ಅರ್ಧ ಜನ ದಂಡಿನಲ್ಲಿ ಎಂಬ ಸರದಿ ಬಂತು. 886ರಲ್ಲಿ ಲಂಡನ್ ಕೈಸೇರಿತು. ಇಷ್ಟಕ್ಕೇ ನಿಂತಿದ್ದರೆ ಅವನು ಒಬ್ಬ ಸಮರ್ಥ ಸೇನಾನಿಯಾಗಿ ಉಳಿಯುತ್ತಿದ್ದ.

ಅವನನ್ನು ಕಾಡಿದ್ದು ಇನ್ನೊಂದು ನಷ್ಟ. ಪೋಪ್ ಗ್ರೆಗರಿಯ ‘ಪ್ಯಾಸ್ಟೊರಲ್ ಕೇರ್’ ಗ್ರಂಥದ ಅನುವಾದಕ್ಕೆ ಆಲ್‌ಫ್ರೆಡ್ ಬರೆದ ಮುನ್ನುಡಿ ಆ ಕಾಲದ ಅತ್ಯಂತ ಪ್ರಾಮಾಣಿಕ ಬರಹಗಳಲ್ಲಿ ಒಂದು. ತಾನು ಪಟ್ಟಕ್ಕೆ ಬಂದಾಗ ಥೇಮ್ಸ್ ನದಿಯ ದಕ್ಷಿಣಕ್ಕೆ ಲ್ಯಾಟಿನ್ ಬಲ್ಲ ಒಬ್ಬನೇ ಒಬ್ಬ ನೆನಪಿಗೆ ಬಾರನೆಂದು ಅವನು ಅಲ್ಲಿ ಕೊರಗುತ್ತಾನೆ. ತಪ್ಪನ್ನು ಪೂರ್ತಿ ಡೇನರ ತಲೆಗೆ ಕಟ್ಟುವುದು ಸುಲಭವಿತ್ತು. ಅವನು ಹಾಗೆ ಮಾಡಲಿಲ್ಲ. ಎಲ್ಲ ಸುಟ್ಟುಹೋಗುವ ಮೊದಲು ಚರ್ಚುಗಳ ತುಂಬ ಪುಸ್ತಕಗಳಿದ್ದವು, ಆದರೆ ನಮ್ಮ ಮಾತಿನಲ್ಲಿ ಇರದ ಕಾರಣ ಅವು ಯಾರ ಉಪಯೋಗಕ್ಕೂ ಬರಲಿಲ್ಲ ಎನ್ನುತ್ತಾನೆ. ಧರ್ಮಶಾಸ್ತ್ರ ಮೊದಲಿದ್ದದ್ದು ಹೀಬ್ರೂವಿನಲ್ಲಿ. ಗ್ರೀಕರು ತಮ್ಮ ನುಡಿಗೆ ತಂದುಕೊಂಡರು, ರೋಮನರು ತಮ್ಮದಕ್ಕೆ. ಹಾಗಿದ್ದ ಮೇಲೆ ನಾವೂ ಎಲ್ಲರಿಗೂ ಅತ್ಯಗತ್ಯವಾದ ಪುಸ್ತಕಗಳನ್ನು ನಮ್ಮ ನುಡಿಗೆ ತರೋಣ ಎಂಬುದು ಅವನ ವಾದ. ಅನುಕೂಲವುಳ್ಳ ಸ್ವತಂತ್ರ ಮನೆತನಗಳ ಹುಡುಗರೆಲ್ಲ ಮೊದಲು ಇಂಗ್ಲಿಷ್ ಓದಲು ಕಲಿಯಲಿ. ಮೇಲಿನ ಪದವಿಗೆ ಹೋಗುವವರು ಆಮೇಲೆ ಲ್ಯಾಟಿನ್ ಕಲಿಯಲಿ ಎಂದೂ ಬಯಸಿದ.

ಕಲಿಸುವವರನ್ನು ಹೊರಗಿನಿಂದ ಕರೆಸಿದ: ಮರ್ಸಿಯಾದಿಂದ ಪ್ಲೆಗ್ಮಂಡ್, ಫ್ರಾಂಕರ ನಾಡಿನಿಂದ ಗ್ರಿಂಬಾಲ್ಡ್, ಹಳೆಯ ಸ್ಯಾಕ್ಸನಿಯಿಂದ ಜಾನ್, ವೇಲ್ಸ್‌ನಿಂದ ಆಸರ್. ನಲವತ್ತರ ಹತ್ತಿರ ಬಂದಿದ್ದ ದೊರೆ 887ರಲ್ಲಿ ತಾನೇ ಲ್ಯಾಟಿನ್ ಓದಿ ಅನುವಾದಿಸಲು ತೊಡಗಿದ. ಓದು ಬಾರದ ನ್ಯಾಯಾಧಿಕಾರಿಗಳಿಗೂ ಬಿಡುವಿರಲಿಲ್ಲ. ಕಲಿಯಿರಿ, ಇಲ್ಲವೇ ಪದವಿ ಬಿಡಿ ಎಂದು ಆಜ್ಞೆಯಾಯಿತು. ವಯಸ್ಸಾದವರು ಮಗನನ್ನೋ ಆಳನ್ನೋ ಕೂರಿಸಿಕೊಂಡು ಹಗಲು ರಾತ್ರಿ ಓದಿಸಿ ಕೇಳಬೇಕಾಯಿತು.

ಬೊಯೀಥಿಯಸ್, ಸಂತ ಆಗಸ್ಟೀನ್‌ರ ಕೃತಿಗಳು, ಬೈಬಲ್ಲಿನ ಮೊದಲ ಐವತ್ತು ಕೀರ್ತನೆಗಳು ಇಂಗ್ಲಿಷಿಗೆ ಬಂದವು. ಇವುಗಳಲ್ಲಿ ದೊರೆಯ ಸ್ವಂತ ಬರಹವೆಷ್ಟು ಎಂಬ ಚರ್ಚೆ ವಿದ್ವಾಂಸರಲ್ಲಿ ಇನ್ನೂ ನಡೆದಿದೆ. ಯೋಜನೆಯ ಹಿಂದಿನ ಛಲ ಮಾತ್ರ ಅವನದೇ. ವರ್ಷವಾರು ಘಟನೆಗಳ ‘ಆಂಗ್ಲೋ-ಸ್ಯಾಕ್ಸನ್ ಕ್ರಾನಿಕಲ್’ ರೂಪುಗೊಂಡದ್ದೂ ಅವನ ಆಳ್ವಿಕೆಯಲ್ಲೇ, ಅದೂ ಲ್ಯಾಟಿನ್‌ನಲ್ಲಲ್ಲ, ಇಂಗ್ಲಿಷಿನಲ್ಲಿ. ಅದರ ಕೆಲವು ಪ್ರತಿಗಳ 883ರ ನಮೂದು ನಮ್ಮವರಿಗೆ ಕುತೂಹಲಕರ: ಆಲ್‌ಫ್ರೆಡ್ ರೋಮ್‌ಗೂ, ಭಾರತದ ಸಂತ ತೋಮಸ್ ಮತ್ತು ಸಂತ ಬಾರ್ಥಲೊಮ್ಯೂ ಸನ್ನಿಧಿಗೂ ಕಾಣಿಕೆ ಕಳಿಸಿದನೆಂದು ಅದರಲ್ಲಿದೆ. ಅಲ್ಲಿ ಹೇಳಿರುವ ‘ಭಾರತ’ ಜುಡಿಯಾ ಇರಬೇಕು ಎನ್ನುವ ವಿದ್ವಾಂಸರೂ ಇದ್ದಾರೆ.

899ರ ಅಕ್ಟೋಬರ್ 26ರಂದು ಆಲ್‌ಫ್ರೆಡ್ ತೀರಿಕೊಂಡ. ವಿಂಚೆಸ್ಟರ್‌ನಲ್ಲಿದ್ದ ಅವನ ಸಮಾಧಿ ಇಂದು ಉಳಿದಿಲ್ಲ. ಆಸರ್ ಬರೆದ ಜೀವನಚರಿತ್ರೆಯ ಏಕೈಕ ಹಸ್ತಪ್ರತಿ 1731ರ ಬೆಂಕಿಗೆ ಆಹುತಿಯಾಯಿತು. ಅದಕ್ಕೂ ಮುಂಚಿನ ನಕಲುಗಳಿಂದಷ್ಟೇ ನಾವು ಅದನ್ನು ಓದುತ್ತಿದ್ದೇವೆ. ಆದರೆ ಅವನ ಕಾಲದಲ್ಲೇ ವೂಸ್ಟರ್‌ನ ಬಿಷಪ್‌ಗೆ ಕಳಿಸಿದ ‘ಪ್ಯಾಸ್ಟೊರಲ್ ಕೇರ್’ ಪ್ರತಿ, ಮುನ್ನುಡಿಯ ಸಮೇತ, ಆಕ್ಸ್‌ಫರ್ಡ್‌ನ ಬೊಡ್ಲಿಯನ್ ಗ್ರಂಥಾಲಯದಲ್ಲಿ ಈಗಲೂ ಇದೆ.